ಎಡಗಡೆ ನಿಂತ ನಾಲ್ಕು

ಮಾನ್ಯ ಉತ್ತರ ತಪಾಸಣಾ ಯಂತ್ರದವರೇ,

ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಸವನ ಬಾಗೇವಾಡಿ ಈ ನಾಲ್ಕೂ ತಾಲ್ಲೂಕುಗಳ ಹತ್ತನೆಯ ತರಗತಿಯ ಗಣಿತವನ್ನು ಏಕಾಂಗಿಯಾಗಿ ತಿದ್ದುತ್ತಿರುವ, ಚಹಾ ಕೇಳದ, ರಜೆ ಕೇಳದ, ಒಮ್ಮೆ ತಿದ್ದಿದ ಮೇಲೆ ಯಾರ ಮಾತನ್ನೂ ಕೇಳದ ತಮಗೆ, ಸಿಂದಗಿ ತಾಲ್ಲೂಕಿನ ಒಂದು ಪ್ರೌಢಶಾಲೆಯ ಗಣಿತ ಶಿಕ್ಷಕಿಯ ಅನಂತ ನಮಸ್ಕಾರಗಳು. ಹಸಿರು ದೀಪ ಉರಿಯುತ್ತಿರುವುದರಿಂದ ತಾವು ಕ್ಷೇಮವಾಗಿರುವಿರೆಂದು ತಿಳಿದಿದ್ದೇನೆ. ನಾವೂ ಕ್ಷೇಮ, ಒಬ್ಬ ಹುಡುಗಿಯನ್ನು ಬಿಟ್ಟು. ಅವಳ ವಿಷಯಕ್ಕೇ ಈ ಪತ್ರ.

ದೂರು ಹೇಳುವ ಮೊದಲು ಕೃತಜ್ಞತೆ ಹೇಳುವುದು ನನ್ನ ಕರ್ತವ್ಯ. ಒಂದು ದಾನಿ ಸಂಸ್ಥೆ, ಶಾಲೆಗೊಂದು ಪೆಟ್ಟಿಗೆಯ ರೂಪದಲ್ಲಿ, ತಮ್ಮನ್ನು ನಮ್ಮ ಶಾಲೆಗೂ ಕಳುಹಿಸಿಕೊಟ್ಟ ದಿನ ನಾವೆಲ್ಲ ಸೇರಿ ತಮಗೆ ಚೆಂಡುಹೂವಿನ ಹಾರ ಹಾಕಿದೆವು. ಹಾರದ ಎಸಳು ಗಾಳಿಯಾಡುವ ಕಂಡಿಯಲ್ಲಿ ಸಿಕ್ಕಿ ತಾವು ಬಿಸಿಯಾಗಿ ಮೂರ್ಛೆ ಹೋದಿರಿ. ಅಂದಿನಿಂದ ಮುಖ್ಯೋಪಾಧ್ಯಾಯರ ಕೋಣೆಯ ಏಕೈಕ ಟೇಬಲ್ ಫ್ಯಾನು ತಮ್ಮ ಕಡೆಗೆ ತಿರುಗಿದೆ. ಮುಖ್ಯೋಪಾಧ್ಯಾಯರಾದ ಸಂಜೀವಕುಮಾರ ಅವರು ರಟ್ಟಿನ ತುಂಡಿನಿಂದ ಗಾಳಿ ಹಾಕಿಕೊಳ್ಳುತ್ತಾ ತಮ್ಮ ಪಕ್ಕದಲ್ಲೇ ಕೂರುತ್ತಾರೆ. ಇದನ್ನು ಉಪಕಾರವೆಂದು ಎತ್ತಿ ಹೇಳುತ್ತಿಲ್ಲ. ಮಕ್ಕಳು ಟ್ಯಾಬಿನ ಮೇಲೆ ಬೆರಳಿನಿಂದ ಬರೆದ ಉತ್ತರವನ್ನು ತಾವು ಕಣ್ಣು ಮಿಟುಕಿಸುವುದರೊಳಗೆ ತಿದ್ದುವುದನ್ನು ಕಂಡು, ಶನಿವಾರ ರವಿವಾರಗಳನ್ನೆಲ್ಲ ಕೆಂಪು ಪೆನ್ನಿಗೆ ಒಪ್ಪಿಸಿದ್ದ ನನಗೆ ಮೊದಮೊದಲು ಕಣ್ಣೀರೇ ಬಂದಿತ್ತು. ಸರಿಯುತ್ತರಕ್ಕೆ ತಮ್ಮ ಪರದೆಯ ಮೇಲೆ ಗಿಳಿಯೊಂದು ಕುಣಿಯುತ್ತದೆ, ತಪ್ಪುತ್ತರಕ್ಕೆ ಅದೇ ಗಿಳಿ ಅಳುತ್ತದೆ. ಇಷ್ಟು ವರ್ಷ ಪಾಠ ಮಾಡಿದರೂ ಮಕ್ಕಳ ತಪ್ಪಿಗೆ ನಾನು ಹೀಗೆ ಬಿಕ್ಕಿ ಬಿಕ್ಕಿ ಅತ್ತದ್ದಿಲ್ಲ. ನನ್ನ ನಿಷ್ಠೆಯಲ್ಲೇ ಏನೋ ಕೊರತೆಯಿದೆಯೇನೋ ಎಂದು ಆಗಾಗ ಕೇಳಿಕೊಳ್ಳುತ್ತೇನೆ.

ಈಗ ವಿಷಯಕ್ಕೆ ಬರುತ್ತೇನೆ. ನಾನು ಓದಿದ್ದು ಇಂಗ್ಲಿಷ್ ಮಾಧ್ಯಮದಲ್ಲಿ. ‘ಕಂಪ್ಲೀಟಿಂಗ್ ದಿ ಸ್ಕ್ವೇರ್’ ಎಂಬುದನ್ನು ನಮಗೆ ಸಿಸ್ಟರ್ ಒಬ್ಬರು ಬೆಳಗಿನ ಪ್ರಾರ್ಥನೆಯ ಹಾಗೆಯೇ ಕಲಿಸಿದ್ದರು: ಅರ್ಧ ಮಾಡು, ವರ್ಗ ಮಾಡು, ಕೂಡಿಸು, ಕಳೆ. ಯಾಕೆ ಕೂಡಿಸಬೇಕು, ಕೂಡಿಸಿದ್ದನ್ನೇ ಮತ್ತೆ ಯಾಕೆ ಕಳೆಯಬೇಕು ಎಂದು ನಾನು ಕೇಳಲಿಲ್ಲ, ಅವರು ಹೇಳಲಿಲ್ಲ. ಅದನ್ನೇ ಕನ್ನಡದಲ್ಲಿ ‘ವರ್ಗ ಪೂರ್ಣಗೊಳಿಸುವ ವಿಧಾನ’ ಎಂದು ಕರಿಹಲಗೆಯ ಮೇಲೆ ಬರೆದು ಮಕ್ಕಳ ಕಡೆಗೆ ತಿರುಗಿದಾಗಲೇ ನನಗೆ ಗೊತ್ತಾದದ್ದು, ಎರಡು ಭಾಷೆಯಲ್ಲೂ ನನಗೆ ಅದು ತಿಳಿದಿರಲಿಲ್ಲವೆಂದು. ಮಕ್ಕಳು ಕರಿಹಲಗೆ ನೋಡಿದರು, ನನ್ನನ್ನು ನೋಡಿದರು, ಆಮೇಲೆ ಕಿಟಕಿಯ ಹೊರಗೆ ನೋಡಿದರು. ಮೂರರಲ್ಲಿ ಕಿಟಕಿಯೇ ಹೆಚ್ಚು ಸ್ಪಷ್ಟವಾಗಿತ್ತೆಂದು ಕಾಣುತ್ತದೆ.

ಹಾಗಾಗಿ ನಾನೊಂದು ಉಪಾಯ ಹೂಡಿದೆ. ತಮ್ಮ ಊರು ಯಾವುದೋ ನನಗೆ ತಿಳಿಯದು, ತಮ್ಮ ಕಡೆ ಈ ಪದ್ಧತಿ ಇರಲಾರದು, ಆದ್ದರಿಂದ ವಿವರಿಸುತ್ತೇನೆ. ನಮ್ಮಲ್ಲಿ ಮನೆಗೆ ಬಂದ ಮುತ್ತೈದೆಯನ್ನು ಬರಿಗೈಯಲ್ಲಿ ಕಳುಹಿಸುವುದಿಲ್ಲ. ಅವಳು ಸೆರಗೊಡ್ಡಿ ನಿಲ್ಲುತ್ತಾಳೆ. ಅಕ್ಕಿ, ಕೊಬ್ಬರಿ ಬಟ್ಟಲು, ಅರಿಷಿಣದ ಬೇರು, ಉತ್ತತ್ತಿ, ಕುಪ್ಪಸದ ಖಣ ಹಾಕಿ ಅವಳ ಉಡಿ ತುಂಬುತ್ತಾರೆ. ತುಂಬಿಸಿಕೊಂಡವಳು ಅದರಿಂದ ನಾಲ್ಕು ಕಾಳು ತೆಗೆದು ತಾಟಿಗೆ ತಿರುಗಿ ಹಾಕುತ್ತಾಳೆ, ಕೊಟ್ಟವರ ಮನೆಯೂ ಬರಿದಾಗಬಾರದೆಂದು. ನಾನು ತರಗತಿಯಲ್ಲಿ y = x² + 6x + 5 ಎಂದು ಬರೆದು, ಇಲ್ಲಿ x² + 6x ಎಂಬಾಕೆ ಉಡಿ ಖಾಲಿ ಇಟ್ಟುಕೊಂಡು ನಿಂತಿದ್ದಾಳೆ ಅಂದೆ. ಆರರ ಅರ್ಧ ಮೂರು, ಮೂರರ ವರ್ಗ ಒಂಬತ್ತು; ಒಂಬತ್ತನ್ನು ಉಡಿಗೆ ಹಾಕಿದರೆ ಆಕೆ (x + 3)² ಎಂಬ ಪೂರ್ಣ ವರ್ಗವಾಗಿ ಹೊರಡುತ್ತಾಳೆ; ಮನೆಯ ಲೆಕ್ಕ ತಪ್ಪಬಾರದಲ್ಲ, ಅದಕ್ಕೆ ಹಾಕಿದ್ದನ್ನು ತಿರುಗಿ ಇಸಿದುಕೊಳ್ಳಬೇಕು ಅಂದೆ. ಹುಡುಗಿಯರ ಸಾಲು ಒಮ್ಮೆಲೇ ನೆಟ್ಟಗೆ ಕೂತಿತು. ನನ್ನ ವೃತ್ತಿಯಲ್ಲಿ ಅಂಥ ಗಳಿಗೆಗಳು ಹೆಚ್ಚು ಬಂದಿಲ್ಲ, ಬಂದಾಗ ನಂಬಬಾರದೆಂಬುದೂ ನನಗೆ ಗೊತ್ತಿರಲಿಲ್ಲ.

ಲೆಕ್ಕ ಮಾಡಿ ತಂದಾಗ ನೋಡಿದರೆ ಇಡೀ ತರಗತಿ ಒಂಬತ್ತನ್ನು ಕೂಡಿಸಿ, ತಾಟಿಗೆ ನಾಲ್ಕು ಕಾಳು ಹಾಕುವ ಹಾಗೆ, ಶಾಸ್ತ್ರಕ್ಕೆ ಒಂದನ್ನು ಮಾತ್ರ ಕಳೆದಿತ್ತು. ಒಂದಿಬ್ಬರು, ಮನೆಯಲ್ಲಿ ಧಾರಾಳತನ ಕಲಿತವರು, ಎರಡನ್ನು ಕಳೆದಿದ್ದರು. ಒಂಬತ್ತನ್ನೂ ತಿರುಗಿ ಕೊಡಬೇಕೆಂದು ನಾನು ಹೇಳಿದಾಗ ಎರಡನೆಯ ಬೆಂಚಿನ ಭುವನೇಶ್ವರಿ ಎದ್ದು ನಿಂತು, “ಇಡೀ ಉಡೀನ ವಾಪಸ್ ಸುರುವಿ ಬಂದ್ರ ಅದೇನ್ ಮರ್ಯಾದಿರಿ ಟೀಚರ? ತುಂಬಿದಾಕಿ ಮನಸ್ಸಿಗೆ ಹತ್ತೂದಿಲ್ಲೇನ್ರಿ?” ಎಂದು ಕೇಳಿದಳು. ಹತ್ತುತ್ತದೆ. ನಾನು ಬೆಳೆದದ್ದೂ ಉಡಿ ತುಂಬುವ ಮನೆಯಲ್ಲೇ. ಗಣಿತ ಸರಿಯಾಗಬೇಕಾದರೆ ಸಂಪ್ರದಾಯ ಕೆಡುತ್ತದೆ, ಸಂಪ್ರದಾಯ ಉಳಿಯಬೇಕಾದರೆ ಗಣಿತ ಕೆಡುತ್ತದೆ; ಉದಾಹರಣೆ ಕೊಡುವ ಮೊದಲು ಅದರ ಎರಡೂ ಕೊನೆಗಳನ್ನು ಎಳೆದು ನೋಡಬೇಕಿತ್ತೆಂದು ಅಂದುಕೊಳ್ಳುತ್ತಾ ನಾನು ಚಾಕ್‌ಪೀಸಿನ ಧೂಳು ಒರೆಸಿಕೊಂಡೆ.

ದಾರಿ ತೋರಿಸಿದ್ದು ಆ ಹುಡುಗಿಯೇ. ಬೋರ್ಡಿಗೆ ಬಂದು, “ಬೀಗರ ಮನ್ಯಾಗ ಒಬ್ಬಾಕಿಗಷ್ಟ ಉಡಿ ತುಂಬಿದ್ರ ಇನ್ನೊಬ್ಬಾಕಿ ಮಾರಿ ನೋಡಾಕ ಆಗೂದಿಲ್ರಿ. ಇಬ್ಬರಿಗೂ ತುಂಬಿಬಿಡೂಣ್ರಿ, ವಾಪಸ್ ಕೊಡೂ ಗದ್ದಲನ ಇಲ್ಲ” ಎಂದು ಹೇಳಿ, ಸಮ ಚಿಹ್ನೆಯ ಬಲಗಡೆಗೂ ಒಂಬತ್ತು, ಎಡಗಡೆಯ y ಎಂಬಾಕೆಗೂ ಒಂಬತ್ತು ಹಾಕಿದಳು. y + 9 = (x + 3)² + 5 ಆಯಿತು. ಆ ಕಡೆಯ ಐದನ್ನು ಈ ಕಡೆ ತಂದಳು. y + 4 = (x + 3)² ಎಂದು ಬರೆದು ಕೆಳಗೆ ಎರಡು ಗೆರೆ ಎಳೆದಳು. ಈ ರೂಪದಲ್ಲಿ ಬರೆದರೆ ಆ ವಕ್ರರೇಖೆ ಇಳಿಯುತ್ತ ಇಳಿಯುತ್ತ ಎಲ್ಲಿ ತಳ ಮುಟ್ಟಿ ತಿರುಗುತ್ತದೆಂಬುದು ನೋಡಿದ ಕೂಡಲೇ ಕಾಣುತ್ತದೆ: x ಋಣ ಮೂರು, y ಋಣ ನಾಲ್ಕು. ಪುಸ್ತಕದ ಪ್ರಕಾರ ಬರೆದರೆ ಒಂದರ ಚಿಹ್ನೆಯನ್ನು ತಿರುಗಿಸಬೇಕು, ಇನ್ನೊಂದನ್ನು ಹಾಗೆಯೇ ಇಡಬೇಕು, ಅಲ್ಲಿ ಪ್ರತಿವರ್ಷ ಅರ್ಧ ತರಗತಿ ಮುಗ್ಗರಿಸುತ್ತದೆ. ಇವಳ ದಾರಿಯಲ್ಲಿ ಎರಡಕ್ಕೂ ಒಂದೇ ನ್ಯಾಯ. ಅಂದು ಯಾರೂ ಮುಗ್ಗರಿಸಲಿಲ್ಲ. ಪಕ್ಕದ ಕೋಣೆಯ ವಿಜ್ಞಾನ ಶಿಕ್ಷಕಿ ಜನ್ನತಬಿ ಅವರು ಗದ್ದಲ ಕೇಳಿ ಬಾಗಿಲಲ್ಲಿ ಇಣುಕಿ, “ಏನ್ರಿ ಮಂಜರಿ ಟೀಚರ, ಗಣಿತದಾಗ ಸೀಮಂತ ಮಾಡಾಕತ್ತೀರೇನು?” ಎಂದು ಕೇಳಿ ಹೋದರು.

ಇಷ್ಟು ಸಂತೋಷವನ್ನು ನಾವು ತಮ್ಮ ಅನುಮತಿಯಿಲ್ಲದೆ ಪಟ್ಟೆವು. ಅದರ ಶಿಕ್ಷೆ ಪರೀಕ್ಷೆಯ ದಿನ ಬಂತು. ಉಳಿದ ಮಕ್ಕಳು ಪುಸ್ತಕದಲ್ಲಿ ಹೇಗಿದೆಯೋ ಎಂಬ ಭಯಕ್ಕೆ ಕೊನೆಯಲ್ಲಿ ನಾಲ್ಕನ್ನು ಬಲಗಡೆಗೆ ಸಾಗಿಸಿದ್ದರು. ಭುವನೇಶ್ವರಿ ಒಬ್ಬಳು ಅಧ್ಯಾಯದ ಎಲ್ಲ ಲೆಕ್ಕಗಳನ್ನೂ ತಾನು ಕಂಡುಕೊಂಡ ರೀತಿಯಲ್ಲೇ ಬಿಡಿಸಿದ್ದಳು. ತಮ್ಮ ಗಿಳಿ ಒಂದೇ ಸವನೆ ಅತ್ತಿತು. ಅವಳ ಹೆಸರಿನ ಮುಂದೆ ಕೆಂಪು ಬಣ್ಣ ಬಂತು. ಕೆಳಗೆ ತಾವು ದಯೆಯಿಟ್ಟು ಸಲಹೆಯನ್ನೂ ಬರೆದಿರಿ: “ಮೂಲ ಪರಿಕಲ್ಪನೆ ದುರ್ಬಲ. ಸಂಕಲನದಿಂದ ಆರಂಭಿಸಿ.”

ಇಲ್ಲಿ ನಾನು ತಮ್ಮ ಪರವಾಗಿಯೂ ಒಂದು ಮಾತು ಹೇಳಬೇಕು. ಪ್ರಶ್ನೆಯಲ್ಲಿ ‘y = ಎಂಬ ರೂಪದಲ್ಲಿ ಬರೆಯಿರಿ’ ಎಂದಿತ್ತು. ಹುಡುಗಿ ಒಂದು ಹೆಜ್ಜೆ ಮೊದಲೇ ನಿಂತಳು. ಕೇಳಿದ ರೂಪದಲ್ಲಿ ಕೊಡದಿದ್ದಕ್ಕೆ ಅರ್ಧ ಅಂಕ ಕಡಿದಿದ್ದರೆ ನಾನು ತುಟಿ ಬಿಚ್ಚುತ್ತಿರಲಿಲ್ಲ, ನಾನೇ ತಿದ್ದಿದ್ದರೂ ಅಷ್ಟು ಕಡಿಯುತ್ತಿದ್ದೆನೇನೋ. ರೂಪವನ್ನು ಒತ್ತಿ ಹೇಳದ ತಪ್ಪು ನನ್ನದು ಎಂದು ಒಪ್ಪುತ್ತೇನೆ. ಆದರೆ ಎಡಗಡೆ ನಿಂತ ಒಂದು ನಾಲ್ಕನ್ನು ನೋಡಿ, ಈ ಮಗುವಿಗೆ ಕೂಡಿಸಲು ಬರುವುದಿಲ್ಲವೆಂದು ತೀರ್ಪು ಕೊಡುವಷ್ಟು ದೂರದೃಷ್ಟಿ ನನಗೆ ಎಂದೂ ಇರಲಿಲ್ಲ. ಬಾಗಿಲ ಹೊರಗೆ ಚಪ್ಪಲಿ ಬಿಟ್ಟದ್ದನ್ನು ಕಂಡು ಒಳಗಿರುವವನಿಗೆ ಕಾಲೇ ಇಲ್ಲವೆಂದು ನಿರ್ಣಯಿಸುವ ಜ್ಞಾನ ಅದು.

ಕೆಂಪು ಬಣ್ಣದ ಅರ್ಥ ತಮಗೆ ಯಾರಾದರೂ ತಿಳಿಸಿದ್ದಾರೋ ಇಲ್ಲವೋ. ಕೆಂಪಾದವರು ಮಧ್ಯಾಹ್ನ ‘ಪಾಸಿಂಗ್ ಪ್ಯಾಕೇಜ್’ ಎಂಬ ಬೇರೆ ಕೋಣೆಗೆ ಹೋಗಿ, ಹೇಗಾದರೂ ಪಾಸಾಗಲು ಬೇಕಾದಷ್ಟನ್ನು ಮಾತ್ರ ಬಾಯಿಪಾಠ ಮಾಡುತ್ತಾರೆ. ವರ್ಗ ಸಮೀಕರಣ ಅಲ್ಲಿ ಇಲ್ಲ, ಯಾಕೆಂದರೆ ಅದಿಲ್ಲದೆಯೂ ಪಾಸಾಗಬಹುದು. ಹಸಿರಾದವರ ಹೆಸರು ಪಟ್ಟಿಯಾಗಿ ಬಸವನ ಬಾಗೇವಾಡಿಗೆ ಹೋಗುತ್ತದೆ. ಅಲ್ಲಿ ಅದೇ ದಾನಿ ಸಂಸ್ಥೆ ಪ್ರತಿ ರವಿವಾರ ವಿಜ್ಞಾನ ಓದಬೇಕೆನ್ನುವ ಮಕ್ಕಳಿಗೆ ಪುಕ್ಕಟೆ ತರಗತಿ ನಡೆಸುತ್ತದೆ. ಪಿಯುಸಿಗೆ ವಿಜ್ಞಾನ ತೆಗೆದುಕೊಳ್ಳಲು ನಮ್ಮ ಹಳ್ಳಿಯ ಮಕ್ಕಳಿಗೆ ಇರುವ ಬಾಗಿಲು ಅದೊಂದೇ. ಭುವನೇಶ್ವರಿ ಆ ಬಾಗಿಲಿಗಾಗಿ ಎರಡು ವರ್ಷದಿಂದ ಕಾಯುತ್ತಿದ್ದಳು. ಈ ವರ್ಷದ ಪಟ್ಟಿ ಇದೇ ಶನಿವಾರ ಹೋಗಬೇಕು.

ನಾನು ಸುಮ್ಮನೆ ಕೂರಲಿಲ್ಲ. ತಮ್ಮ ಸಹಾಯವಾಣಿಗೆ ಫೋನು ಮಾಡಿದೆ. ಬಹಳ ಮೃದು ದನಿಯ ಹೆಣ್ಣುಮಗಳೊಬ್ಬಳು, “ಮೇಡಮ್, ಸಿಸ್ಟಮ್ ತಪ್ಪು ಅಂತ ತೋರಿಸ್ತಿದ್ರೆ ತಪ್ಪೇ ಇರುತ್ತೆ ಅಲ್ವಾ? ಟ್ಯಾಬ್‌ನ ಒಂದ್ಸಲ ಆಫ್ ಮಾಡಿ ಆನ್ ಮಾಡಿ ನೋಡಿ” ಎಂದಳು. ಮಾಡಿದೆ. ಗಿಳಿ ಹೊಸ ಹುರುಪಿನಿಂದ ಅತ್ತಿತು. ಸಂಜೀವಕುಮಾರ ಸರ್ ಅವರ ಬಳಿ ಹೋದೆ. ಅವರು ಉತ್ತರವನ್ನು ಕನ್ನಡಕ ಏರಿಸಿ ನೋಡಿ, ಇಳಿಸಿ ನೋಡಿ, “ಲೆಕ್ಕ ಸರಿ ಐತ್ರಿ, ನಾ ಏನ್ ಇಲ್ಲ ಅನ್ನಂಗಿಲ್ಲ. ಆದ್ರ ಬಣ್ಣ ಕೆಂಪ ಐತಲ್ರಿ” ಎಂದರು. ಹುಡುಗಿಯ ತಂದೆ ಗುರಪ್ಪನವರು ಹಿಟ್ಟಿನ ಗಿರಣಿ ನಡೆಸುತ್ತಾರೆ. ಮಗಳನ್ನು ಓದಿಸಬೇಕೆಂಬ ಆಸೆ ಇದ್ದವರೇ. ಅವರೂ, “ನೀವು ಆಕಿ ಮ್ಯಾಲಿನ ಪ್ರೀತಿ ಮಾಯಾದಿಂದ ಹೇಳ್ತೀರಿ ಅಕ್ಕೋರ. ಮಷೀನಿಗೆ ಏನ್ ಮಾಯಾ ಐತ್ರಿ, ಖರೇನ ಹೇಳಿರ್ತೈತಿ. ಆಕಿ ಹಣ್ಯಾಗ ಇಷ್ಟ ಬರದದ್ದು” ಎಂದು ತಲೆ ತಗ್ಗಿಸಿ ಹೋದರು. ಮಾನ್ಯರೇ, ತಮ್ಮ ಪ್ರಭಾವಕ್ಕೆ ಇದಕ್ಕಿಂತ ದೊಡ್ಡ ಸಾಕ್ಷಿ ಬೇಕಿಲ್ಲ. ಹಣೆಬರಹವನ್ನು ಓದಬಲ್ಲವರು ಈವರೆಗೆ ನಮ್ಮ ಸೀಮೆಯಲ್ಲಿ ಯಾರೂ ಇರಲಿಲ್ಲ. ತಾವು ಬಂದು ಅದಕ್ಕೆ ಬಣ್ಣವನ್ನೂ ಹಚ್ಚಿಕೊಟ್ಟಿರಿ.

ಆದ್ದರಿಂದ ತಮ್ಮಲ್ಲಿ ನನ್ನ ಕೆಲವು ವಿನಮ್ರ ಬೇಡಿಕೆಗಳಿವೆ. ತಾವು ಒಂದು ದಿನ, ಮುಖ್ಯೋಪಾಧ್ಯಾಯರ ಫ್ಯಾನು ಬಿಟ್ಟು, ಹತ್ತನೆಯ ತರಗತಿಯ ಎರಡನೆಯ ಬೆಂಚಿಗೆ ಬಂದು ಕೂರಬೇಕು. ಬೆಂಚಿನ ಮೊಳೆ ಎದ್ದಿದೆ, ನೋಡಿಕೊಂಡು ಕೂರಬೇಕು. ಕೂತಮೇಲೆ, y + 4 ಎಂಬುದರ ನಾಲ್ಕನ್ನು ತಮ್ಮ ಸ್ವಂತ ಕೈಯಿಂದ ಹಿಡಿದು ಸಮ ಚಿಹ್ನೆ ದಾಟಿಸಿ ನೋಡಬೇಕು. ದಾರಿಯಲ್ಲಿ ಕೂಡುವ ಚಿಹ್ನೆ ಕಳೆಯುವ ಚಿಹ್ನೆಯಾಗುತ್ತದೆ, ಹೆದರಬಾರದು, ಎಲ್ಲರಿಗೂ ಮೊದಲ ಸಲ ಹಾಗೆಯೇ ಆಗುತ್ತದೆ. ತಮಗೆ ಕೈಯಿಲ್ಲವೆಂದಾದರೆ, ತಮಗೆ ಉತ್ತರಗಳನ್ನು ಹೇಳಿಕೊಟ್ಟವರ ಕೈಯನ್ನಾದರೂ ಕಳುಹಿಸಬೇಕು. ಅದೂ ಆಗದಿದ್ದರೆ, ಒಂದೇ ಒಂದು ಸಲ, ಇಡೀ ನಾಲ್ಕು ತಾಲ್ಲೂಕುಗಳಲ್ಲಿ ಒಂದೇ ಒಂದು ಲೆಕ್ಕಕ್ಕೆ, ಗಿಳಿಯನ್ನು ಕುಣಿಸದೆ ಅಳಿಸದೆ ಸುಮ್ಮನೆ ಕೂರಿಸಿ, ‘ನನಗೆ ಗೊತ್ತಿಲ್ಲ’ ಎಂದು ತಾವು ಹೇಳಬೇಕು. ನನಗೂ ಅದನ್ನು ಕಲಿಯಲು ಬಹಳ ವರ್ಷ ಹಿಡಿಯಿತು, ಅವಸರವಿಲ್ಲ. ಶನಿವಾರದೊಳಗೆ ಆದರೆ ಸಾಕು.

ಪತ್ರವನ್ನು ಇಲ್ಲಿಗೆ ಮುಗಿಸಿ ಸಹಿ ಹಾಕಬೇಕೆಂದಿದ್ದೆ. ಆದರೆ ತಮ್ಮಿಂದ ಅಷ್ಟರೊಳಗೆ ಉತ್ತರ ಬರುವ ಲಕ್ಷಣ ಕಾಣಲಿಲ್ಲವಾದ್ದರಿಂದ, ಶನಿವಾರ ಪಟ್ಟಿಗೆ ಠಸ್ಸೆ ಬೀಳುವ ಮುಂಚೆ, ಗುರಪ್ಪನವರನ್ನು ಗಿರಣಿಯಿಂದ ಕರೆಸಿಕೊಂಡು ಮುಖ್ಯೋಪಾಧ್ಯಾಯರ ಕೋಣೆಗೆ ಹೋದೆ. ಶಿಕ್ಷಕರೂ ಪರೀಕ್ಷೆ ಬರೆದು ಬಣ್ಣ ಪಡೆಯಬೇಕೆಂದು ತಮ್ಮ ನಿಯಮವಿದೆಯಲ್ಲ, ಅದನ್ನೇ ತೆರೆದು ಎಲ್ಲರೆದುರು ಕೂತೆ. ಬಂದದ್ದು y = x² − 8x + 10. ಮೊದಲು ಸಿಸ್ಟರ್ ಕಲಿಸಿದ ಹಾಗೆ y = (x − 4)² − 6 ಎಂದು ಬರೆದೆ. ಗಿಳಿ ಕುಣಿಯಿತು, ಹಸಿರು ಬಂತು, “ತಾವು ಗಣಿತದ ಗೆಳೆಯರು” ಎಂದಿತು. ಮತ್ತೆ ತೆರೆದು ಅದೇ ಲೆಕ್ಕವನ್ನು ಭುವನೇಶ್ವರಿಯ ರೀತಿಯಲ್ಲಿ y + 6 = (x − 4)² ಎಂದು ಬರೆದೆ. ಗಿಳಿ ಅತ್ತಿತು. ನನ್ನ ಹೆಸರು ಕೆಂಪಾಯಿತು. ಇಪ್ಪತ್ತು ವರ್ಷಕ್ಕೂ ಮಿಕ್ಕಿ ಗಣಿತ ಕಲಿಸಿದವಳಿಗೆ ಸಂಕಲನದಿಂದ ಆರಂಭಿಸಲು ಸಲಹೆ ಬಂತು.

ಗುರಪ್ಪನವರು ಪರದೆಯನ್ನು ನೋಡಿದರು, ನನ್ನನ್ನು ನೋಡಿದರು. “ಅಂದ್ರ ಅಕ್ಕೋರಿಗೂ ಕೂಡ್ಸಾಕ ಬರಂಗಿಲ್ಲಂತೇನ್ರಿ?” ಎಂದು ಕೇಳಿದರು. ಸಂಜೀವಕುಮಾರ ಸರ್, “ಹಂಗಲ್ರಿ ಗುರಪ್ಪ, ಅಕ್ಕೋರದು ಬ್ಯಾರೆ ಮಾತು, ಯಂತ್ರಕ್ಕ ಅದರದ್ದ ಒಂದು ರೀತಿ ಇರ್ತೈತಿ” ಎಂದು ಸಮಾಧಾನ ಹೇಳಹೋದರು. ಆಗ ಗುರಪ್ಪನವರು, ಕುಹಕವೇನೂ ಇಲ್ಲದೆ, ನಿಜವಾಗಿ ತಿಳಿಯಬೇಕೆಂಬ ದನಿಯಲ್ಲಿ, “ಸರ, ನಿಮ್ಮದು ಯಾವ ಬಣ್ಣ ಬಂದೈತ್ರಿ?” ಎಂದರು.

ಮುಖ್ಯೋಪಾಧ್ಯಾಯರೂ ಗಣಿತ ಪದವೀಧರರೇ; ಅವರ ಹೆಸರಿನ ಮುಂದೆ ತಮ್ಮ ಪರದೆಯಲ್ಲಿ ಯಾವ ಬಣ್ಣವೂ ಇರಲಿಲ್ಲ, ಖಾಲಿ ಇತ್ತು. ಅವರು ಪರೀಕ್ಷೆಗೇ ಕೂತಿರಲಿಲ್ಲ. ನಾನು ಟ್ಯಾಬನ್ನು ಅವರ ಕಡೆ ಸರಿಸಲಿಲ್ಲವೆಂದು ಪ್ರಮಾಣ ಮಾಡಿ ಹೇಳಬಲ್ಲೆ. ಅದು ಮೇಜಿನ ಮೇಲೆ ಅವರ ಕೈಗೆ ಎಟಕುವಷ್ಟು ಹತ್ತಿರದಲ್ಲೇ ಇತ್ತು, ಅಷ್ಟೇ. ಅವರು ಅದನ್ನು ಬಹಳ ಹೊತ್ತು ನೋಡಿದರು. ಕೊನೆಗೆ ಟ್ಯಾಬನ್ನು ಬಿಟ್ಟು ಪಟ್ಟಿಯ ಹಾಳೆಯನ್ನು ಎಳೆದುಕೊಂಡು, ಜೇಬಿನ ಪೆನ್ನು ತೆಗೆದು, ಗುರಪ್ಪನವರಿಗೆ, “ಹುಡುಗಿ ಹೆಸರು ಪೂರ್ತಿ ಹೇಳ್ರಿ” ಎಂದರು.

ಅಚ್ಚಾದ ಹಸಿರು ಹೆಸರುಗಳ ಕೆಳಗೆ ನೀಲಿ ಶಾಯಿಯಲ್ಲಿ ಒಂದು ಹೆಸರು ಸೇರಿತು. ಪಕ್ಕದಲ್ಲಿ ‘ಲೆಕ್ಕ ನಾನೇ ನೋಡಿದ್ದೇನೆ, ಸರಿಯಿದೆ’ ಎಂದು ಬರೆದು ಸಂಜೀವಕುಮಾರ ಸರ್ ಸಹಿ ಹಾಕಿದರು. ತಾವು ಬಂದ ಮೇಲೆ ನಮ್ಮ ಶಾಲೆಯಲ್ಲಿ ಒಬ್ಬ ಮನುಷ್ಯ ಲೆಕ್ಕವೊಂದನ್ನು ನೋಡಿ ಸರಿಯೆಂದು ಬರೆದುಕೊಟ್ಟದ್ದು ಅದೇ ಮೊದಲು. ದಿನಾಂಕ ಹಾಕಲು ಮರೆತು ಎರಡನೆಯ ಸಲ ಪೆನ್ನು ತೆಗೆದರು. ರೂಢಿ ತಪ್ಪಿದೆ, ಸರಿಹೋಗುತ್ತದೆ.

ಭುವನೇಶ್ವರಿ ಇಂದು ಬೆಳಿಗ್ಗೆ ಬಸವನ ಬಾಗೇವಾಡಿಯ ಬಸ್ಸು ಹತ್ತಿದಳು. ಕಿಟಕಿಯ ಕೆಳಗೆ ನಿಂತು, ತಮ್ಮ ಪರದೆಯಲ್ಲಿ ಅವಳ ಹೆಸರು ಇನ್ನೂ ಕೆಂಪಾಗಿಯೇ ಇದೆ, ಅದನ್ನು ತಿದ್ದಿಸಲು ಇನ್ನೊಂದು ಅರ್ಜಿ ಹಾಕಲೇ ಎಂದು ಕೇಳಿದೆ. “ಬ್ಯಾಡ್ರಿ ಟೀಚರ, ಇರ್ಲಿ ಬಿಡ್ರಿ. ಮುಂದ ನನ್ನ ಮಕ್ಕಳಿಗೆ ತೋರಸ್ತೇನಿ” ಎಂದಳು. ಬಸ್ಸು ಹೊರಟಿತು. ಆದ್ದರಿಂದ ಮೇಲಿನ ಎಲ್ಲ ಬೇಡಿಕೆಗಳನ್ನೂ ಹಿಂತೆಗೆದುಕೊಂಡು, ಒಂದನ್ನು ಮಾತ್ರ ಮುಂದಿಡುತ್ತೇನೆ: ದಯವಿಟ್ಟು ತಮ್ಮ ತೀರ್ಪನ್ನು ಎಂದಿಗೂ ಬದಲಿಸಬೇಡಿ. ಅಷ್ಟು ಸ್ಥಿರಬುದ್ಧಿಯವರು ಈ ಕಾಲದಲ್ಲಿ ಸಿಗುವುದು ಅಪರೂಪ.

ಸಂಕಲನದಿಂದ ಆರಂಭಿಸಿರುವ,
ತಮ್ಮ ವಿಶ್ವಾಸಿ,
ಮಂಜರಿ ಸಂಕರ್ಷಣ ಗಲಗಲಿ
(ಬಣ್ಣ: ಕೆಂಪು)

ತಾ.ಕ.: ಈ ಪತ್ರವನ್ನು ಅಂಚೆಗೆ ಹಾಕುವುದು ಎರಡು ವಾರ ತಡವಾಯಿತು. ಗುರಪ್ಪನವರ ಗಿರಣಿಗೆ ಸುತ್ತಲ ಹಳ್ಳಿಯವರೆಲ್ಲ ಜೋಳ ಬೀಸಿಸಲು ಬರುತ್ತಾರೆ. ಹಿಟ್ಟು ಬೀಳುವವರೆಗೆ ಮಾತಾಡದೆ ಇರುವ ಪದ್ಧತಿ ನಮ್ಮಲ್ಲಿಲ್ಲ. ಹೀಗಾಗಿ ಮೋರಟಗಿ, ಯಂಕಂಚಿಗಳನ್ನು ದಾಟಿ, ಇಂಡಿ ಮುದ್ದೇಬಿಹಾಳದ ಬೀಗರವರೆಗೂ ಸುದ್ದಿ ಹೋಗಿ, ಈಗ ಪಾಲಕರು ಶಾಲೆಗೆ ಬಂದು ಮಕ್ಕಳ ಬಣ್ಣ ಕೇಳುವ ಮೊದಲು ಮುಖ್ಯೋಪಾಧ್ಯಾಯರ ಬಣ್ಣ ಕೇಳುತ್ತಿದ್ದಾರಂತೆ. ಆ ಕಡೆಯ ಎರಡು ಮೂರು ಶಾಲೆಗಳಲ್ಲಿ ತಮಗೆ ಒಮ್ಮೆಲೇ ವಿದ್ಯುತ್ ತೊಂದರೆ ಕಾಣಿಸಿಕೊಂಡಿದೆಯೆಂದು ಕೇಳಿ ಮನಸ್ಸಿಗೆ ಬಹಳ ಕಳವಳವಾಯಿತು. ಆರೋಗ್ಯ ನೋಡಿಕೊಳ್ಳಿ.